ಪರರ ಚುನಾವಣೆ, ನಮ್ಮ ಅಗ್ರಲೇಖನ

ಅಮೆರಿಕ ಸಂಯುಕ್ತ ಸಂಸ್ಥಾನದ ಒಹಾಯೊ ರಾಜ್ಯದಲ್ಲಿ ಕ್ಲಾರ್ಕ್ ಎಂಬುದೊಂದು ಕೌಂಟಿಯುಂಟು. ಜನಸಂಖ್ಯೆಯಲ್ಲಿ ನಮ್ಮ ಒಂದು ತಾಲ್ಲೂಕಿಗಿಂತ ದೊಡ್ಡದೇನಲ್ಲ. 2004ರ ಅಕ್ಟೋಬರ್ ತಿಂಗಳಲ್ಲಿ, ಜಾರ್ಜ್ ಬುಷ್ ಮತ್ತು ಜಾನ್ ಕೆರ್ರಿ ಇವರಿಬ್ಬರೊಳಗೆ ಅಧ್ಯಕ್ಷ ಪದವಿಗಾಗಿ ಪೈಪೋಟಿ ಬಿರುಸಾಗಿದ್ದ ಸಮಯದಲ್ಲಿ, ಲಂಡನ್ನಿನ ‘ಗಾರ್ಡಿಯನ್’ ಪತ್ರಿಕೆಯವರು ಇಪ್ಪತ್ತೈದು ಡಾಲರು ತೆತ್ತು ಆ ಕೌಂಟಿಯ ಮತದಾರರ ಪಟ್ಟಿಯನ್ನು ತರಿಸಿಕೊಂಡು, ಅದರಲ್ಲಿ ಯಾವ ಪಕ್ಷಕ್ಕೂ ಸೇರದವರೆಂದು ನಮೂದಾಗಿದ್ದವರ ಹೆಸರು ವಿಳಾಸಗಳನ್ನು ತಮ್ಮ ಓದುಗರಿಗೆ ಹಂಚಿ, ನೀವು ಈ ಅಪರಿಚಿತರಿಗೆ ಸೌಜನ್ಯಪೂರ್ವಕವಾದ ಒಂದು ಕಾಗದ ಬರೆದು ಜಗತ್ತಿನ ಹಿತವೆಲ್ಲಿದೆಯೆಂಬುದನ್ನು ತಿಳಿಯಹೇಳಿರೆಂದು ಪ್ರೇರೇಪಿಸಿದರು. ಹತ್ತು ಸಾವಿರಕ್ಕೂ ಮೀರಿದ ವಿಳಾಸಗಳು ಹೀಗೆ ಹಂಚಿಹೋದವು. ಕಾದಂಬರಿಕಾರ ಜಾನ್ ಲ ಕಾರೆ, ಜೀವಶಾಸ್ತ್ರಜ್ಞ ರಿಚರ್ಡ್ ಡಾಕಿನ್ಸ್, ಇತಿಹಾಸಲೇಖಕಿ ಆಂಟೋನಿಯ ಫ್ರೇಸರ್ ಮೊದಲಾದ ಪ್ರಖ್ಯಾತರು ತಾವೂ ಒಂದೊಂದು ಕಾಗದ ಬರೆದು ಮಾದರಿಯನ್ನೊದಗಿಸಿದರು. ಫಲವೇನಾಯಿತೆಂಬುದು ಲೋಕವಿದಿತವಾಗಿದೆ. ಆ ಸಣ್ಣ ಊರಿನವರಿಗೆ ರೋಷ ಉಕ್ಕಿತು. ನಿಮ್ಮ ಉಪದೇಶ ನಿಮಗಿರಲೆಂದು ಅವರು ಬರೆದ ಕಟುಮಾರುತ್ತರಗಳನ್ನು ಅದೇ ಪತ್ರಿಕೆ ಅಚ್ಚುಮಾಡಬೇಕಾಯಿತು. ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. 2000ದಲ್ಲಿ ಮುನ್ನೂರು ಚಿಲ್ಲರೆ ಮತಗಳ ಅಂತರದಿಂದ ಡೆಮೊಕ್ರಾಟ್ ಪಕ್ಷದ ಆಲ್ ಗೋರ್ ಅವರನ್ನು ಗೆಲ್ಲಿಸಿದ್ದ ಆ ಕೌಂಟಿ ಈ ಸಲ ಬುಷ್ ಅವರ ಕಡೆಗೆ ಹೊರಳಿತು. ಗೋರ್ ಅವರಿಗೆ ಒಲಿದಿದ್ದ ಒಹಾಯೊದ ಕೌಂಟಿಗಳ ಪೈಕಿ ಆ ವರ್ಷ ಬುಷ್ ಅವರಿಗೆ ದಕ್ಕಿದ್ದು ಅದೊಂದೇ.

ಆ ಕಾಗದಗಳಿಂದಲೇ ಹಾಗಾಯಿತೆಂದು ನಾನು ವಾದಿಸಲಾರೆ. ಚುನಾವಣೆಯಲ್ಲಿ ಕಾರ್ಯಕಾರಣ ಸಂಬಂಧವನ್ನು ಅಷ್ಟು ಸುಲಭವಾಗಿ ಬಿಡಿಸಿ ತೋರಿಸಬಲ್ಲವರಾರೂ ಇಲ್ಲ. ಆದರೆ ಫಲಿತಾಂಶ ಹೊರಬಿದ್ದೊಡನೆ, ನವೆಂಬರ್ 4ರಂದು, ಲಂಡನ್ನಿನ ಇನ್ನೊಂದು ಪತ್ರಿಕೆಯಾದ ‘ಡೇಲಿ ಮಿರರ್’ ತನ್ನ ಮುಖಪುಟದಲ್ಲಿ 5,90,54,087 ಮಂದಿ ಇಷ್ಟು ದಡ್ಡರಾಗಿರುವುದು ಹೇಗೆ ಸಾಧ್ಯವೆಂಬರ್ಥದ ತಲೆಬರೆಹವನ್ನು ದಪ್ಪಕ್ಷರಗಳಲ್ಲಿ ಮುದ್ರಿಸಿತಷ್ಟೆ. ಕೋಪದ ಅವಸರದಲ್ಲಿ ಪೂರ್ತಿ ಎಣಿಕೆಗೂ ಅದು ಕಾಯಲಿಲ್ಲ. ಕಡೆಯ ಲೆಕ್ಕದಲ್ಲಿ ಬುಷ್ ಅವರಿಗೆ ಬಂದ ಮತಗಳು ಆರು ಕೋಟಿ ಇಪ್ಪತ್ತು ಲಕ್ಷ. ಮೊದಲನೆಯ ಪತ್ರಿಕೆ ಮತದಾರನಿಗೆ ಉಪದೇಶ ಮಾಡಿತು, ಎರಡನೆಯದು ಬೈದಿತು. ಆತ ಯಾರು, ಆತನ ಊರಿನಲ್ಲಿ ಯಾವ ಕಾರ್ಖಾನೆ ಮುಚ್ಚಿತು, ಆತನ ಮಗ ಯಾವ ಯುದ್ಧಕ್ಕೆ ಹೋಗಿದ್ದಾನೆ, ಆತ ಭಾನುವಾರ ಯಾವ ಚರ್ಚಿನಲ್ಲಿ ಯಾರ ಪಕ್ಕ ಕೂರುತ್ತಾನೆ ಎಂಬುದನ್ನು ಆತನಿಂದಲೇ ಕೇಳಿ ತಿಳಿಯಬೇಕೆಂಬ ಪ್ರಾಥಮಿಕ ಕರ್ತವ್ಯವೊಂದುಂಟಲ್ಲ, ಅದು ಉಪದೇಶದ ಮತ್ತು ಬೈಗುಳದ ನಡುವೆ ಎಲ್ಲಿಯೋ ಕಳೆದುಹೋಯಿತು.

ಪರದೇಶದ ಅಧ್ಯಕ್ಷ ಚುನಾವಣೆಯನ್ನು ಕುರಿತು ಒಂದು ಪತ್ರಿಕೆ ಬರೆಯುವಾಗ ಅದರ ಮುಂದಿರುವವನು ಆ ದೇಶದ ಮತದಾರನಲ್ಲ, ತನ್ನ ಊರಿನ ಚಂದಾದಾರ. ಆ ಚಂದಾದಾರನಿಗೆ ಮತವಿಲ್ಲ. ಆದರೆ ಅಭಿಪ್ರಾಯವುಂಟು, ಭಯವುಂಟು, ಹಿತಾಸಕ್ತಿಯುಂಟು, ಮತ್ತು ಇವೆಲ್ಲಕ್ಕಿಂತ ಮಿಗಿಲಾಗಿ, ದೂರದ ಒಬ್ಬ ನಾಯಕನಲ್ಲಿ ತನಗೆ ಬೇಕಾದ ಸದ್ಗುಣಗಳನ್ನೋ ದುರ್ಗುಣಗಳನ್ನೋ ಆರೋಪಿಸಿ ನೋಡುವ ಚಪಲವುಂಟು. ಪತ್ರಿಕೆ ಈ ಚಪಲಕ್ಕೆ ಆಹಾರ ಒದಗಿಸುತ್ತದೆ. ನೆರೆಮನೆಯ ಹೆಣ್ಣಿಗೆ ಯಾವ ಗಂಡು ತಕ್ಕವನೆಂದು ನಮ್ಮ ಜಗಲಿಯಲ್ಲಿ ಕುಳಿತು ತೀರ್ಮಾನಿಸುವುದರಲ್ಲಿ ಒಂದು ಸುಖವಿದೆ, ಏಕೆಂದರೆ ಸಂಸಾರ ಮಾಡಬೇಕಾದವರು ನಾವಲ್ಲ. ಈ ಕಾರಣದಿಂದ ಪರದೇಶದ ಚುನಾವಣೆಯ ವರದಿಗಳನ್ನು ಓದುವವನು, ಮತ ಹಾಕುವ ದೇಶದ ವಿಷಯವಾಗಿ ಎಷ್ಟು ತಿಳಿಯುತ್ತಾನೆಯೋ ಅದಕ್ಕಿಂತ ಹೆಚ್ಚಾಗಿ ಪತ್ರಿಕೆ ಅಚ್ಚಾದ ದೇಶದ ವಿಷಯವಾಗಿ ತಿಳಿಯುತ್ತಾನೆಂಬುದು ನನ್ನ ಬಹುಕಾಲದ ಅಭಿಪ್ರಾಯ.

ಈ ಮಾತಿಗೆ ಅಬ್ರಹಾಂ ಲಿಂಕನ್ನರ ಕಾಲಕ್ಕಿಂತ ಉತ್ತಮವಾದ ನಿದರ್ಶನ ದೊರೆಯಲಾರದು. ಅಮೆರಿಕದ ಅಂತರ್ಯುದ್ಧ ಆರಂಭವಾಗುವ ಹೊತ್ತಿಗೆ, 1861ರ ಮಾರ್ಚಿಯಲ್ಲಿ, ಲಂಡನ್ನಿನ ‘ಟೈಮ್ಸ್’ ಪತ್ರಿಕೆ ತನ್ನ ಹೆಸರಾಂತ ಬಾತ್ಮೀದಾರರಾದ ವಿಲಿಯಂ ಹೊವರ್ಡ್ ರಸೆಲ್ ಅವರನ್ನು ಆ ದೇಶಕ್ಕೆ ಕಳುಹಿಸಿತು. ಲಿಂಕನ್ನರು ಅವರನ್ನು ಬರಮಾಡಿಕೊಂಡು, ಮಿಸಿಸಿಪ್ಪಿ ನದಿಯೊಂದನ್ನು ಬಿಟ್ಟರೆ ನಿಮ್ಮ ಪತ್ರಿಕೆಗಿಂತ ಬಲವಾದುದನ್ನು ನಾನರಿಯೆನೆಂಬ ಅರ್ಥದಲ್ಲಿ ವಿನೋದವಾಗಿ ನುಡಿದರೆಂದು ರಸೆಲ್ಲರೇ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ರಸೆಲ್ ಕಣ್ಣಾರೆ ಕಂಡದ್ದನ್ನು ಬರೆಯುವವರು; ಬುಲ್ ರನ್ ಕಾಳಗದಲ್ಲಿ ಉತ್ತರದ ಸೇನೆ ದಿಕ್ಕಾಪಾಲಾಗಿ ಓಡಿದ್ದನ್ನು ಕಂಡಂತೆ ಬರೆದುದಕ್ಕಾಗಿ ಉತ್ತರದವರ ದ್ವೇಷಕ್ಕೆ ಗುರಿಯಾದರು, ಮರುವರ್ಷ ಸೇನೆಯೊಡನೆ ಹೋಗಲು ಅನುಮತಿ ದೊರೆಯದೆ ಊರಿಗೆ ಹಿಂದಿರುಗಿದರು. ಅವರು ಹೋದ ಮೇಲೆ ನ್ಯೂಯಾರ್ಕಿನಿಂದ ಆ ಪತ್ರಿಕೆಗೆ ಬರೆಯತೊಡಗಿದವರು ಚಾರ್ಲ್ಸ್ ಮೆಕೇ. ಜನಸಮೂಹಗಳು ಸಾಮೂಹಿಕ ಭ್ರಾಂತಿಗೊಳಗಾಗುವ ಬಗೆಯನ್ನು ವಿವರಿಸಿ ಹಿಂದೆ ಗ್ರಂಥವನ್ನೇ ರಚಿಸಿದ್ದ ಈ ಮಹಾಶಯರು ಗುಲಾಮಗಿರಿಯ ದಕ್ಷಿಣಕ್ಕೆ ಒಲಿದುಬಿಟ್ಟಿದ್ದರು; ಅವರ ಪತ್ರಗಳನ್ನು ಓದಿದ ಲಂಡನ್ನಿಗನಿಗೆ ಲಿಂಕನ್ನರೆಂದರೆ ಹಳ್ಳಿಗಾಡಿನ ಒಬ್ಬ ಒರಟು ವಕೀಲ, ದೈವವಶಾತ್ ದೊಡ್ಡ ಕುರ್ಚಿಗೇರಿದವನು, ದೇಶವನ್ನು ರಕ್ತದಲ್ಲಿ ಮುಳುಗಿಸಿದವನು ಎಂಬ ಚಿತ್ರವೇ ಕಣ್ಮುಂದೆ ನಿಲ್ಲುತ್ತಿತ್ತು. ವಿನೋದ ಪತ್ರಿಕೆಯಾದ ‘ಪಂಚ್’ನಲ್ಲಿ ಜಾನ್ ಟೆನಿಯಲ್ ಬರೆದ ವ್ಯಂಗ್ಯಚಿತ್ರಗಳೂ ಇದೇ ಜಾಡಿನವು. 1864ರ ನವೆಂಬರ್ 8ರಂದು ಲಿಂಕನ್ನರು ಎರಡನೆಯ ಬಾರಿ ಗೆದ್ದರು. 1858ರಲ್ಲಿ ಸಮುದ್ರದಡಿ ಹಾಸಿದ್ದ ತಂತಿ ಕೆಲವೇ ವಾರಗಳಲ್ಲಿ ಕೆಟ್ಟುಹೋಗಿ, ಬಾಳುವ ತಂತಿ 1866ರವರೆಗೆ ಸಿದ್ಧವಾಗದಿದ್ದುದರಿಂದ ಆ ಸುದ್ದಿ ಹಡಗನ್ನೇರಿ ಬರಬೇಕಾಯಿತು. ಬಂದಾಗ ಟೆನಿಯಲ್ ಅವರು ಲಿಂಕನ್ನರ ಮುಖವನ್ನು ಫೀನಿಕ್ಸ್ ಪಕ್ಷಿಯ ಮೈಗೆ ಅಂಟಿಸಿ, ಸಂವಿಧಾನ, ಪತ್ರಿಕಾಸ್ವಾತಂತ್ರ್ಯ ಮುಂತಾದವುಗಳನ್ನು ಸೌದೆಯಾಗಿ ಉರಿಸಿದ ಬೆಂಕಿಯಿಂದ ಅದು ಮೇಲೇಳುತ್ತಿರುವಂತೆ ಬರೆದರು.

ಈ ಹಗೆಗೆ ಕಾರಣವೇನು? ಇಂಗ್ಲೆಂಡಿನ ಮೇಲ್ವರ್ಗಕ್ಕೆ ಪ್ರಜಾಪ್ರಭುತ್ವವೆಂದರೆ ಆಗ ಅಳುಕು. ಅಮೆರಿಕದ ಪ್ರಯೋಗ ಮುರಿದುಬಿದ್ದರೆ ತಮ್ಮಲ್ಲಿ ಮತದಾನದ ಹಕ್ಕನ್ನು ಕೇಳುವವರ ಬಾಯಿ ಮುಚ್ಚಿಸಬಹುದೆಂಬ ಎಣಿಕೆ. ಇನ್ನೊಂದು ಕಾರಣ ಹತ್ತಿ. ದಕ್ಷಿಣದ ರೇವುಗಳಿಗೆ ಲಿಂಕನ್ನರ ನೌಕೆಗಳು ದಿಗ್ಬಂಧನ ಹಾಕಿದುದರಿಂದ ಲಾಂಕಷೈರಿನ ಗಿರಣಿಗಳು ನಿಂತವು. ಕನ್ನಡ ನಾಡಿಗೆ ಈ ಕಥೆಯೊಡನೆ ನೇರ ಸಂಬಂಧವೊಂದುಂಟು. ಅಮೆರಿಕದ ಹತ್ತಿ ನಿಂತೊಡನೆ ಮ್ಯಾಂಚೆಸ್ಟರಿನ ವರ್ತಕರ ಕಣ್ಣು, 1840ರ ದಶಕದಿಂದಲೇ ಅಮೆರಿಕದ ಬೀಜ ಬಿತ್ತಿ ಬೆಳೆಯುತ್ತಿದ್ದ ಧಾರವಾಡ ಸೀಮೆಯ ಎರೆಹೊಲಗಳ ಮೇಲೆ ಬಿದ್ದಿತು. ಆ ಹತ್ತಿಯನ್ನು ಘಟ್ಟವಿಳಿಸಿ ಸಾಗಿಸಲು ಕಾರವಾರದ ಬಂದರನ್ನು ಅಭಿವೃದ್ಧಿಪಡಿಸಬೇಕೆಂದು ಅವರು ಸರಕಾರವನ್ನು ಕಾಡಿದರು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತದಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿದುದರ ಹಿಂದೆ ಈ ಒತ್ತಾಯವೂ ಇದ್ದಿತು. ಯುದ್ಧ ನಡೆದಷ್ಟು ಕಾಲ ಹುಬ್ಬಳ್ಳಿ ಗದಗುಗಳಲ್ಲಿ ಹತ್ತಿಯ ಧಾರಣೆ ಹಿಂದೆಂದೂ ಕಾಣದಷ್ಟು ಏರಿತು, 1865ರಲ್ಲಿ ಶಾಂತಿಯಾದೊಡನೆ ಕುಸಿಯಿತು. ಲಂಡನ್ನಿನ ಪತ್ರಿಕೆಯ ಮುನಿಸಿಗೂ ಧಾರವಾಡದ ರೈತನ ಕೈಯಲ್ಲಿ ನಾಲ್ಕು ಕಾಸು ಆಡಿದುದಕ್ಕೂ ಮೂಲ ಒಂದೇ ಎಂಬುದನ್ನು ನೆನೆದರೆ, ಅಗ್ರಲೇಖನಗಳ ನೈತಿಕ ಗಾಂಭೀರ್ಯವನ್ನು ಎಷ್ಟರಮಟ್ಟಿಗೆ ನಂಬತಕ್ಕದ್ದೆಂಬ ಸಂಶಯ ಓದುಗನಿಗೆ ಹುಟ್ಟದಿರದು.

ಇದಕ್ಕಿಂತ ಸ್ವಾರಸ್ಯವಾದ ಸಂಗತಿ ಬೇರೊಂದಿದೆ. ಹತ್ತಿಯಿಲ್ಲದೆ ನಿಜವಾಗಿ ಉಪವಾಸ ಬಿದ್ದವರು ಗಿರಣಿಯ ಕೂಲಿಗಳು. ಆದರೂ 1862ರ ಕಡೆಯ ದಿನ ಮ್ಯಾಂಚೆಸ್ಟರಿನಲ್ಲಿ ಸಭೆ ಸೇರಿದ ಶ್ರಮಿಕರು ಗುಲಾಮಗಿರಿಯ ವಿರುದ್ಧವಾಗಿ ಲಿಂಕನ್ನರ ಪಕ್ಷವನ್ನು ವಹಿಸಿ ಅವರಿಗೆ ಪತ್ರ ಬರೆದರು, ಮರುತಿಂಗಳಲ್ಲಿ ಲಿಂಕನ್ನರು ಅವರ ತ್ಯಾಗವನ್ನು ಕೊಂಡಾಡಿ ಉತ್ತರ ಕೊಟ್ಟರು. ಮರುಚುನಾವಣೆಯಾದಾಗ ಲಂಡನ್ನಿನ ಅಂತಾರಾಷ್ಟ್ರೀಯ ಕಾರ್ಮಿಕ ಸಂಘದ ಪರವಾಗಿ ಅಭಿನಂದನೆಯ ಬಿನ್ನವತ್ತಳೆಯನ್ನು ಬರೆದವರು ಕಾರ್ಲ್ ಮಾರ್ಕ್ಸ್. ಎಂದರೆ, ಇಂಗ್ಲೆಂಡು ಲಿಂಕನ್ನರನ್ನು ಹೇಗೆ ಕಂಡಿತೆಂಬ ಪ್ರಶ್ನೆಗೆ ಆ ಕಾಲದ ಪ್ರಬಲ ಪತ್ರಿಕೆಯನ್ನು ತೆರೆದು ಓದಿದರೆ ಉತ್ತರ ಸಿಗುವುದಿಲ್ಲ. ಇಂಗ್ಲೆಂಡಿನ ಯಾರು ಹೇಗೆ ಕಂಡರೆಂದು ಕೇಳಬೇಕಾಗುತ್ತದೆ. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ರಂಗಮಂದಿರದಲ್ಲಿ ಲಿಂಕನ್ನರು ಗುಂಡೇಟಿಗೆ ಬಲಿಯಾದಾಗ ‘ಪಂಚ್’ ಪತ್ರಿಕೆ ತಾನು ಅಷ್ಟು ವರ್ಷ ಮಾಡಿದ ಅಪಹಾಸ್ಯಕ್ಕಾಗಿ ಪಶ್ಚಾತ್ತಾಪಪಟ್ಟು ಒಂದು ದೀರ್ಘ ಕವನವನ್ನು ಪ್ರಕಟಿಸಿತು. ಅದನ್ನು ಬರೆದ ಟಾಮ್ ಟೇಲರರೇ, ಲಿಂಕನ್ನರು ಅಂದು ನೋಡುತ್ತ ಕುಳಿತಿದ್ದ ನಾಟಕದ ಕರ್ತೃ. ಇಂತಹ ಕಾಕತಾಳೀಯವನ್ನು ಕಥೆಗಾರನೊಬ್ಬನು ಕಲ್ಪಿಸಿದ್ದರೆ ಅಸಂಭವವೆಂದು ತಳ್ಳಿಹಾಕುತ್ತಿದ್ದೆವು.

ಹೊರಗಿನವರ ಒಲವು ಅದಕ್ಕೆ ಪಾತ್ರನಾದವನನ್ನೇ ಹೇಗೆ ಮುಳುಗಿಸುವುದೆಂಬುದಕ್ಕೆ 1888ರ ಪ್ರಕರಣವನ್ನು ಹೇಳಿ ಮುಂದೆ ಹೋಗುತ್ತೇನೆ. ಕ್ಯಾಲಿಫೋರ್ನಿಯದ ಒಬ್ಬ ರಿಪಬ್ಲಿಕನ್ ಪಕ್ಷೀಯನು, ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾದ ಮರ್ಚಿಸನ್ ಎಂಬ ಕಲ್ಪಿತ ಹೆಸರಿನಲ್ಲಿ ಬ್ರಿಟಿಷ್ ರಾಯಭಾರಿ ಸ್ಯಾಕ್‌ವಿಲ್-ವೆಸ್ಟ್ ಅವರಿಗೆ ಕಾಗದ ಬರೆದು, ನಾನು ಯಾರಿಗೆ ಮತ ಹಾಕಲಿ ಎಂದು ಕೇಳಿದ. ರಾಯಭಾರಿಗಳು ಮರುಆಯ್ಕೆಗೆ ನಿಂತಿದ್ದ ಅಧ್ಯಕ್ಷ ಕ್ಲೀವ್‌ಲ್ಯಾಂಡರೇ ವಾಸಿಯೆಂಬ ಧ್ವನಿಯಲ್ಲಿ ಉತ್ತರ ಬರೆದುಬಿಟ್ಟರು. ಅಕ್ಟೋಬರ್ ಕೊನೆಗೆ ಅದು ಪತ್ರಿಕೆಗಳಲ್ಲಿ ಅಚ್ಚಾಯಿತು. ಇಂಗ್ಲೆಂಡಿನ ಹೆಸರು ಕೇಳಿದರೆ ಸಿಡಿದೇಳುವ ಐರಿಷ್ ಮತದಾರರು ತುಂಬಿದ್ದ ನ್ಯೂಯಾರ್ಕ್ ರಾಜ್ಯ ಸ್ವಲ್ಪದರಲ್ಲಿ ಕೈತಪ್ಪಿ, ದೇಶಾದ್ಯಂತ ತೊಂಬತ್ತು ಸಾವಿರಕ್ಕೂ ಅಧಿಕ ಮತಗಳಿಂದ ಮುಂದಿದ್ದ ಕ್ಲೀವ್‌ಲ್ಯಾಂಡರು ನಿರ್ವಾಚಕ ಮಂಡಳಿಯಲ್ಲಿ ಬೆಂಜಮಿನ್ ಹ್ಯಾರಿಸನ್ನರಿಗೆ ಸೋತರು. ರಾಯಭಾರಿಗಳಿಗೆ ದೇಶ ಬಿಟ್ಟು ಹೋಗಲು ಅಪ್ಪಣೆಯಾಯಿತು.

ಈ ಎಲ್ಲದರಲ್ಲಿ ಹಿತಾಸಕ್ತಿಯೋ ಅಹಂಕಾರವೋ ಕೆಲಸ ಮಾಡಿತೆನ್ನಬಹುದು. ಆದರೆ ಈ ಎರಡೂ ಇಲ್ಲದ, ದೇಶವನ್ನು ಚೆನ್ನಾಗಿ ಬಲ್ಲ, ಸಜ್ಜನನಾದ ಬಾತ್ಮೀದಾರನೂ ದಾರಿ ತಪ್ಪುವುದುಂಟು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಿಬಿಸಿಯಲ್ಲಿ ಅಮೆರಿಕದ ಓಲೆಗಳನ್ನು ಓದಿದ ಅಲಿಸ್ಟೇರ್ ಕುಕ್, 1948ರ ಚುನಾವಣೆಯ ಮುನ್ನಾದಿನ ‘ಮ್ಯಾಂಚೆಸ್ಟರ್ ಗಾರ್ಡಿಯನ್’ನಲ್ಲಿ ಹ್ಯಾರಿ ಟ್ರೂಮನ್ನರನ್ನು ವೈಫಲ್ಯದ ಒಂದು ನಿದರ್ಶನವೆಂದು ಹೆಸರಿಸಿ ಲೇಖನ ಬರೆದರು, ಮರುದಿನ ಟ್ರೂಮನ್ನರು 303 ನಿರ್ವಾಚಕ ಮತಗಳಿಂದ ಗೆದ್ದರು. ಅವರೊಬ್ಬರನ್ನೇ ಇದಕ್ಕೆ ದೂರಲಾಗದು. ಷಿಕಾಗೋದ ‘ಟ್ರಿಬ್ಯೂನ್’ ಪತ್ರಿಕೆಯೇ ಎದುರಾಳಿ ಡ್ಯೂಯಿ ಗೆದ್ದರೆಂದು ಮುದ್ರಿಸಿಬಿಟ್ಟಿತ್ತು. ಪರದೇಶದ ಬಾತ್ಮೀದಾರನು ತಾನಿರುವ ರಾಜಧಾನಿಯ ಪತ್ರಿಕೆಗಳನ್ನು ಓದುತ್ತಾನೆ, ಆ ಪತ್ರಿಕೆಯವರೊಡನೆ ಊಟ ಮಾಡುತ್ತಾನೆ, ಅವರು ನಂಬಿದ್ದನ್ನು ತಾನೂ ನಂಬಿ, ಅದನ್ನು ತನ್ನ ನುಡಿಯಲ್ಲಿ ಊರಿಗೆ ಕಳುಹಿಸುತ್ತಾನೆ. ನಮ್ಮಲ್ಲಿಗೆ ಬರುವ ಹೊತ್ತಿಗೆ ಅದು ರಾಯಿಟರ್ಸ್, ಎಎಫ್‌ಪಿಗಳ ಮೂಲಕ ಇನ್ನೊಂದು ಕೈ ದಾಟಿರುತ್ತದೆ. 2016ರಲ್ಲಿ ಹಿಲರಿ ಕ್ಲಿಂಟನ್ನರ ಗೆಲವು ನಿಶ್ಚಿತವೆಂದು ಜಗತ್ತಿನ ಬಹುಪಾಲು ಪತ್ರಿಕೆಗಳು ನಂಬಿದ್ದುದಕ್ಕೆ ಇದೇ ಕಾರಣ. ದೇಶದಲ್ಲಿ ಒಟ್ಟಾರೆ ಇಪ್ಪತ್ತೆಂಟು ಲಕ್ಷಕ್ಕೂ ಹೆಚ್ಚು ಮತ ಆಕೆಗೇ ಅಧಿಕವಾಗಿ ಬಿದ್ದರೂ, ವಿಸ್ಕಾನ್ಸಿನ್, ಮಿಷಿಗನ್, ಪೆನ್ಸಿಲ್ವೇನಿಯ ಈ ಮೂರು ರಾಜ್ಯಗಳಲ್ಲಿ ಕೂಡಿ ಎಂಬತ್ತು ಸಾವಿರಕ್ಕೂ ಕಡಿಮೆ ಮತಗಳು ಫಲವನ್ನು ತಿರುಗಿಸಿದವು. ಆ ಮೂರು ರಾಜ್ಯಗಳ ಹಿನ್ನಾಡಿನಲ್ಲಿ ನಿಂತು ಬರೆದವರು ಬೆರಳೆಣಿಕೆಯ ಮಂದಿ.

ಅಮೆರಿಕದ ಮತಪತ್ರವೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಈ ದೋಷ ಇನ್ನೂ ಸ್ಪಷ್ಟವಾಗುತ್ತದೆ. ಅಧ್ಯಕ್ಷರ ಹೆಸರುಗಳು ಅದರ ತಲೆಯಲ್ಲಿ ಒಂದು ಸಾಲು ಮಾತ್ರ. ಕೆಳಗೆ ಸೆನೆಟರು, ಕೆಳಮನೆಯ ಸದಸ್ಯ, ರಾಜ್ಯದ ಶಾಸಕರು, ಕೌಂಟಿಯ ಷೆರಿಫ್, ಅನೇಕ ಕಡೆಗಳಲ್ಲಿ ನ್ಯಾಯಾಧೀಶರು, ಶಾಲಾ ಮಂಡಳಿಯವರು, ಇದಲ್ಲದೆ ಗ್ರಂಥಾಲಯಕ್ಕೋ ಅಗ್ನಿಶಾಮಕ ಪಡೆಗೋ ಇಷ್ಟು ತೆರಿಗೆ ಹಾಕಬಹುದೇ ಎಂಬ ಪ್ರಶ್ನೆಗಳು, ಕೆಲವು ಊರುಗಳಲ್ಲಿ ಪುಟ ತಿರುವಿದರೂ ಮುಗಿಯದಷ್ಟು. ನಮ್ಮ ಚುನಾವಣಾ ಆಯೋಗದಂತೆ ದೇಶಕ್ಕೆಲ್ಲ ಒಂದೇ ಆಗಿ ಮತದಾನ ನಡೆಸುವ ಸಂಸ್ಥೆ ಅಲ್ಲಿಲ್ಲ; ಮತ ಎಣಿಸುವವರು ಕೌಂಟಿಯ, ಪಟ್ಟಣದ ಸ್ಥಳೀಯ ಅಧಿಕಾರಿಗಳು, ನಿಯಮಗಳು ಆಯಾ ರಾಜ್ಯದವು. ಇದನ್ನರಿಯದ ಹೊರಗಿನ ಓದುಗನಿಗೆ ಎಣಿಕೆ ನಿಧಾನವಾದೊಡನೆ ಮೋಸ ನಡೆಯುತ್ತಿದೆಯೆಂಬ ಶಂಕೆ ತಲೆದೋರುತ್ತದೆ. ಮತದಾರನ ದೃಷ್ಟಿಯಲ್ಲಿ ಇಪ್ಪತ್ತು ಮೂವತ್ತು ತೀರ್ಮಾನಗಳುಳ್ಳ ಆ ಹಾಳೆ, ಪರದೇಶದ ಪತ್ರಿಕೆಯ ಕಣ್ಣಿಗೆ ಇಬ್ಬರು ವ್ಯಕ್ತಿಗಳ ಕುಸ್ತಿಯಾಗಿ ಮಾತ್ರ ಕಾಣಿಸುತ್ತದೆ.

ಕ್ಲಾರ್ಕ್ ಕೌಂಟಿಯ ಕೇಂದ್ರಸ್ಥಳವಾದ ಸ್ಪ್ರಿಂಗ್‌ಫೀಲ್ಡ್ ಇಪ್ಪತ್ತು ವರ್ಷಗಳ ತರುವಾಯ ಪುನಃ ಜಗತ್ತಿನ ಪತ್ರಿಕೆಗಳಲ್ಲಿ ಮೆರೆಯಿತು. 2024ರ ಸೆಪ್ಟೆಂಬರ್ 10ರ ಚರ್ಚಾಕೂಟದಲ್ಲಿ ಡೊನಾಲ್ಡ್ ಟ್ರಂಪ್ ಅವರು, ಆ ಊರಿಗೆ ವಲಸೆ ಬಂದವರು ನೆರೆಯವರ ನಾಯಿ ಬೆಕ್ಕುಗಳನ್ನು ತಿನ್ನುತ್ತಿದ್ದಾರೆಂದು ಆಧಾರವಿಲ್ಲದ ಮಾತನ್ನಾಡಿದ ಮೇಲೆ ಅಲ್ಲಿಗೆ ವರದಿಗಾರರು ಧಾವಿಸಿದರು. ಅದು ಒಂದು ಕಾಲದಲ್ಲಿ ಲಾರಿ ತಯಾರಿಕೆಗೆ ಹೆಸರಾದ ಊರು. ‘ಕೊಲಿಯರ್ಸ್’ ಮುಂತಾದ ಜನಪ್ರಿಯ ನಿಯತಕಾಲಿಕಗಳು ಲಕ್ಷಾಂತರ ಪ್ರತಿಗಳಲ್ಲಿ ಅಚ್ಚಾಗುತ್ತಿದ್ದ ಮುದ್ರಣಾಲಯವಿದ್ದ ಊರು. 1956ರ ಕೊನೆಯಲ್ಲಿ ಆ ಮುದ್ರಣಾಲಯ ಮುಚ್ಚಿತು, ಬರಬರುತ್ತ ಜನವೂ ಕರಗಿತು. ಈಚಿನ ವರ್ಷಗಳಲ್ಲಿ ಕಾರ್ಖಾನೆಗಳಿಗೆ ಕೈಯಾಳುಗಳು ಬೇಕಾಗಿ, ಹೈಟಿ ದೇಶದಿಂದ ಸಾವಿರಾರು ಜನ ಬಂದು ನೆಲಸಿದರು. ಬಾಡಿಗೆ ಏರಿತು, ಆಸ್ಪತ್ರೆ ಶಾಲೆಗಳ ಮೇಲೆ ಭಾರ ಬಿದ್ದಿತು. ಇವು ಮತದಾರನ ನಿಜವಾದ ಸಂಗತಿಗಳು. ವಾರವೆರಡು ವಾರ ಬೆಕ್ಕಿನ ಕಥೆಯನ್ನು ಬರೆದು ವರದಿಗಾರರು ತೆರಳಿದರು. ಕೌಂಟಿ ಟ್ರಂಪ್ ಅವರಿಗೆ ದೊಡ್ಡ ಬಹುಮತ ಕೊಟ್ಟಿತು.

ಫ್ರಾನ್ಸಿನ ವಿಷಯದಲ್ಲಿಯೂ ಕಥೆ ಹೀಗೆಯೇ. 2017ರ ಮೇ ತಿಂಗಳಲ್ಲಿ ಎಮಾನುಯೆಲ್ ಮಾಕ್ರೋನ್ ಶೇಕಡ 66 ಮತ ಪಡೆದು ಮರೀನ್ ಲ ಪೆನ್ ಅವರನ್ನು ಸೋಲಿಸಿದ ಮೇಲೆ, ಲಂಡನ್ನಿನ ‘ಇಕಾನಮಿಸ್ಟ್’ ವಾರಪತ್ರಿಕೆ ಅವರನ್ನು ನೀರಿನ ಮೇಲೆ ನಡೆಯುವ ಉದ್ಧಾರಕನಂತೆ ಮುಖಪುಟದಲ್ಲಿ ಚಿತ್ರಿಸಿತು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಇಟ್ಟುಕೊಂಡ ಜಾಣತನ ಹೌದು. ಆ ಎರಡನೆಯ ಸುತ್ತಿನಲ್ಲಿ ನಲವತ್ತು ಲಕ್ಷಕ್ಕೂ ಮಿಕ್ಕ ಫ್ರೆಂಚರು ಮತಗಟ್ಟೆಯವರೆಗೆ ನಡೆದುಹೋಗಿ, ಇಬ್ಬರೂ ಬೇಡವೆಂದು ಖಾಲಿ ಚೀಟಿಯನ್ನೋ ಕೆಡಿಸಿದ ಚೀಟಿಯನ್ನೋ ಪೆಟ್ಟಿಗೆಗೆ ಹಾಕಿ ಬಂದಿದ್ದರೆಂಬುದು ಹೊರಗಿನ ಪತ್ರಿಕೆಗಳಿಗೆ ದೊಡ್ಡ ಸುದ್ದಿಯಾಗಲಿಲ್ಲ. ಮರುವರ್ಷದ ನವೆಂಬರ್ 17ರಂದು ಡೀಸೆಲ್ ತೆರಿಗೆಯ ವಿರುದ್ಧ ಹಳದಿ ಕುಪ್ಪಸ ತೊಟ್ಟ ಜನ ರಸ್ತೆಗಳ ಕೂಡುವೃತ್ತಗಳನ್ನು ಆಕ್ರಮಿಸಿದಾಗ ಅದೇ ಪತ್ರಿಕೆಗಳು ಬೆಚ್ಚಿಬಿದ್ದವು.

ಇನ್ನು ನಮ್ಮ ಪತ್ರಿಕೆಗಳು. ಪರರನ್ನು ಇಷ್ಟು ವಿಚಾರಿಸಿಕೊಂಡ ಮೇಲೆ ನಮ್ಮನ್ನು ಬಿಡುವುದು ನ್ಯಾಯವಲ್ಲ. ಅಮೆರಿಕದ ಚುನಾವಣೆಯಲ್ಲಿ ಕಮಲಾ ಹ್ಯಾರಿಸ್ ನಿಂತರೆ ತಮಿಳುನಾಡಿನ ತುಳಸೇಂದ್ರಪುರದ ದೇವಾಲಯದಲ್ಲಿ ಅಭಿಷೇಕ, ಜೆ. ಡಿ. ವಾನ್ಸ್ ಉಪಾಧ್ಯಕ್ಷ ಪದವಿಗೆ ನಿಂತರೆ ಅವರ ಪತ್ನಿಯ ಮೂಲವಾದ ಆಂಧ್ರದ ವಡ್ಲೂರಿನಲ್ಲಿ ಪೂಜೆ, ಎರಡರ ಚಿತ್ರವೂ ನಮ್ಮ ಮುಖಪುಟಕ್ಕೆ. ಅದಾದ ಮೇಲೆ ಎಚ್-1ಬಿ ವೀಸಾದ ಗತಿಯೇನೆಂಬ ಲೇಖನ. ವೀಸಾದ ಚಿಂತೆಯನ್ನು ನಾನು ಹಗುರವಾಗಿ ಕಾಣಲಾರೆ. ಜಯನಗರದ, ಮೈಸೂರಿನ, ದಾವಣಗೆರೆಯ ಎಷ್ಟೋ ಮನೆಗಳ ಮಕ್ಕಳು ಆ ಚೀಟಿಯ ಬಲದಿಂದ ಅಲ್ಲಿ ಸಂಸಾರ ಹೂಡಿದ್ದಾರೆ. ಆದರೆ ವೀಸಾ ಮತ್ತು ರಕ್ತಸಂಬಂಧ ಇವೆರಡನ್ನು ಕಳೆದರೆ ನಮ್ಮ ಓದುಗನಿಗೆ ಆ ಚುನಾವಣೆಯಲ್ಲಿ ಉಳಿಯುವುದು ಎಷ್ಟು?

ಅಮೆರಿಕವಾದರೂ ದೂರ. ಶ್ರೀಲಂಕೆ ನಮ್ಮ ಮಗ್ಗುಲಲ್ಲಿದೆ. 2024ರ ಸೆಪ್ಟೆಂಬರ್ 21ರಂದು ಅಲ್ಲಿ ಅಧ್ಯಕ್ಷ ಚುನಾವಣೆ ನಡೆದು, ಐದು ವರ್ಷಗಳ ಹಿಂದೆ ಶೇಕಡ 3ರಷ್ಟು ಮತ ಪಡೆದಿದ್ದ ಅನುರ ಕುಮಾರ ದಿಸ್ಸನಾಯಕೆ ಶೇಕಡ 42ಕ್ಕೂ ಹೆಚ್ಚು ಪಡೆದು ಗೆದ್ದರು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದ ಕಾರಣ ಆ ದೇಶದ ಇತಿಹಾಸದಲ್ಲಿ ಮೊದಲ ಬಾರಿಗೆ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಎಣಿಸಬೇಕಾಯಿತು. ನಮ್ಮಲ್ಲಿನ ಬಹುತೇಕ ಶೀರ್ಷಿಕೆಗಳ ಚಿಂತೆ ಒಂದೇ: ಇವರು ಚೀನದ ಕಡೆಯೋ ನಮ್ಮ ಕಡೆಯೋ? ಅವರ ಪಕ್ಷವಾದ ಜನತಾ ವಿಮುಕ್ತಿ ಪೆರಮುನ 1980ರ ದಶಕದ ಕೊನೆಯಲ್ಲಿ ಭಾರತದ ಹಸ್ತಕ್ಷೇಪದ ವಿರುದ್ಧ ಶಸ್ತ್ರವೆತ್ತಿದ್ದುದನ್ನು ನೆನೆದರೆ ಆ ಚಿಂತೆ ನಿರಾಧಾರವಲ್ಲ. ಆದರೆ ಲಂಕೆಯ ಮತದಾರನು ಮತಗಟ್ಟೆಗೆ ಹೋದುದು ಬೀಜಿಂಗನ್ನೋ ದೆಹಲಿಯನ್ನೋ ನೆನೆದಲ್ಲ. 2022ರಲ್ಲಿ ದೇಶ ಸಾಲ ತೀರಿಸಲಾರೆನೆಂದು ಕೈಚೆಲ್ಲಿತ್ತು. ಪೆಟ್ರೋಲಿಗೆ, ಅಡುಗೆ ಅನಿಲಕ್ಕೆ ಜನ ದಿನಗಟ್ಟಲೆ ಸಾಲುಗಟ್ಟಿ ನಿಂತಿದ್ದರು. ಕಾಗದ ಸಿಗದೆ ಶಾಲೆಯ ಪರೀಕ್ಷೆಗಳು ಮುಂದೆ ಹೋದವು, ‘ದಿ ಐಲೆಂಡ್’, ‘ದಿವಯಿನ’ ಪತ್ರಿಕೆಗಳು ಶನಿವಾರದ ಮುದ್ರಣವನ್ನೇ ನಿಲ್ಲಿಸಿದವು. ಜುಲೈಯಲ್ಲಿ ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟು ಓಡಿದರು. ಅನಂತರ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಸಾಲದ ಬೆನ್ನಿಗೆ ತೆರಿಗೆಯೂ ವಿದ್ಯುತ್ ದರವೂ ಏರಿದವು. ಈ ಯಾತನೆಗೆ ಕಾರಣರಾದ ಹಳೆಯ ಮನೆತನಗಳು ಬೇಡವೆಂಬುದೇ ಆ ಮತದ ಅರ್ಥ. ನವೆಂಬರಿನ ಸಂಸತ್ ಚುನಾವಣೆಯಲ್ಲಿ ದಿಸ್ಸನಾಯಕೆಯವರ ಒಕ್ಕೂಟಕ್ಕೆ 225ರಲ್ಲಿ 159 ಸ್ಥಾನಗಳು ಬಂದವು. ತಮಿಳರ ಹೃದಯಸ್ಥಾನವಾದ ಜಾಫ್ನಾ ಜಿಲ್ಲೆಯಲ್ಲಿಯೂ ಅತಿ ಹೆಚ್ಚು ಸ್ಥಾನ ಪಡೆದುದು ಅದೇ ಒಕ್ಕೂಟ. ಸಿಂಹಳ, ತಮಿಳು ಎಂಬ ಎರಡು ಖಾನೆಗಳಲ್ಲಿ ಲಂಕೆಯನ್ನು ಓದುತ್ತ ಬಂದ ನಮಗೆ ಇದನ್ನು ಯಾವ ಖಾನೆಗೆ ಸೇರಿಸಬೇಕೆಂದು ತಿಳಿಯದೆ ಹೋಯಿತು. ಹೊಸ ಅಧ್ಯಕ್ಷರು ಡಿಸೆಂಬರಿನಲ್ಲಿ ಮೊದಲು ದೆಹಲಿಗೆ ಬಂದರು, ಜನವರಿಯಲ್ಲಿ ಬೀಜಿಂಗಿಗೆ ಹೋದರು. ಸಣ್ಣ ದೇಶದ ಮುತ್ಸದ್ದಿಯಾದವನು ಇನ್ನೇನು ಮಾಡಬೇಕಿತ್ತು?

ಹೊರಗಿನವರ ಬಾಯಿಗೆ ನಾವೂ ಬಿದ್ದವರೇ. 2014ರ ಲೋಕಸಭಾ ಚುನಾವಣೆ ಅಧ್ಯಕ್ಷ ಚುನಾವಣೆಯಲ್ಲವಾದರೂ ಅಧ್ಯಕ್ಷ ಚುನಾವಣೆಯ ಧಾಟಿಯಲ್ಲಿ ನಡೆದುದರಿಂದ ಇಲ್ಲಿ ಹೇಳಬಹುದಾಗಿದೆ. ‘ಇಕಾನಮಿಸ್ಟ್’ ಆಗ ನರೇಂದ್ರ ಮೋದಿಯವರನ್ನು ಅನುಮೋದಿಸಲಾರೆವೆಂದೂ, ಉತ್ಸಾಹವಿಲ್ಲದಿದ್ದರೂ ರಾಹುಲ್ ಗಾಂಧಿಯವರ ಕಾಂಗ್ರೆಸ್ಸನ್ನೇ ಮೇಲೆನ್ನಬೇಕೆಂದೂ ಬರೆಯಿತು. ಮತದಾರರು ಭಾರತೀಯ ಜನತಾ ಪಕ್ಷಕ್ಕೆ 282 ಸ್ಥಾನಗಳನ್ನೂ ಕಾಂಗ್ರೆಸ್ಸಿಗೆ 44 ಸ್ಥಾನಗಳನ್ನೂ ಕೊಟ್ಟರು. ವಸಾಹತು ಮನೋಭಾವವೆಂದು ಅಂದು ಆ ಪತ್ರಿಕೆಯನ್ನು ಹಳಿದವರೇ, ಯಾವುದಾದರೂ ವಿದೇಶೀ ಪತ್ರಿಕೆ ನಮ್ಮ ನಾಯಕರನ್ನೋ ನಮ್ಮ ಆರ್ಥಿಕ ಪ್ರಗತಿಯನ್ನೋ ಹೊಗಳಿದಾಗ ಅದರ ಮುಖಪುಟವನ್ನು ಚೌಕಟ್ಟು ಹಾಕಿಸಿ ತೂಗುಹಾಕುವುದನ್ನೂ ನಾವು ಕಂಡಿದ್ದೇವೆ. ಹೊಗಳಿಕೆಗೆ ಪಾಸ್‌ಪೋರ್ಟ್ ಬೇಡ, ತೆಗಳಿಕೆಗೆ ಬೇಕು ಎಂಬ ಈ ನೀತಿ ಎಲ್ಲ ದೇಶಗಳ ಎಲ್ಲ ಪಕ್ಷಗಳಿಗೂ ಸಮಾನ.

ಹಾಗಾದರೆ ಹೊರಗಿನ ಪತ್ರಿಕೆ ಬಾಯಿಮುಚ್ಚಿಕೊಂಡಿರಬೇಕೇ? ಆ ಕಾಲ ಎಂದಿಗೂ ಬಾರದಿರಲಿ. 2020ರ ಆಗಸ್ಟ್‌ನಲ್ಲಿ ಬೆಲಾರೂಸಿನ ಅಲೆಕ್ಸಾಂಡರ್ ಲುಕಾಷೆಂಕೊ ತಮಗೆ ಶೇಕಡ 80ರಷ್ಟು ಮತ ಬಂದಿತೆಂದು ಸಾರಿಕೊಂಡಾಗ, ಬೀದಿಗಿಳಿದ ಲಕ್ಷಾಂತರ ಜನರ ಮಾತನ್ನು ಜಗತ್ತಿಗೆ ಮುಟ್ಟಿಸಿದವರಲ್ಲಿ ವಿದೇಶೀ ಸುದ್ದಿಸಂಸ್ಥೆಗಳ ವರದಿಗಾರರು ಪ್ರಮುಖರು. ಅದೇ ತಿಂಗಳ ಕೊನೆಯಲ್ಲಿ ಸರಕಾರ ಅವರಲ್ಲಿ ಅನೇಕರ ಪರವಾನಗಿಯನ್ನು ಕಿತ್ತುಕೊಂಡಿತೆಂಬುದೇ ಅವರ ಕೆಲಸಕ್ಕೆ ಸಿಕ್ಕ ಪ್ರಶಸ್ತಿ. ಎಲ್ಲಿ ಮತದಾರನ ಬಾಯಿ ಕಟ್ಟಿದೆಯೋ ಅಲ್ಲಿ ಹೊರಗಿನ ಪತ್ರಿಕೆ ಅವನ ಕಿವಿಯೂ ಬಾಯಿಯೂ ಆಗುತ್ತದೆ. ಅವನು ತಾನೇ ಮಾತನಾಡಬಲ್ಲ ದೇಶಗಳಲ್ಲಿ, ಅವನ ಬದಲು ನಾವು ಮಾತನಾಡುವುದು ಅಧಿಕಪ್ರಸಂಗ. ಅಲ್ಲಿ ನಮಗುಳಿದಿರುವ ಕೆಲಸ ಕೇಳಿಸಿಕೊಳ್ಳುವುದು.

ಈ ದೃಷ್ಟಿಯಿಂದ ನಮ್ಮ ಕನ್ನಡ ಸಂಪಾದಕರಲ್ಲಿ ಒಂದು ವಿಜ್ಞಾಪನೆಯುಂಟು. ವಾಷಿಂಗ್ಟನ್ನಿನಲ್ಲಿ ಖಾಯಂ ಬಾತ್ಮೀದಾರನನ್ನಿಡುವ ಶಕ್ತಿ ನಮ್ಮ ಬಹುಪಾಲು ಪತ್ರಿಕೆಗಳಿಗಿಲ್ಲ, ನಿಜ. ಅದರ ಅಗತ್ಯವೂ ಇಲ್ಲ. ಮಿಷಿಗನ್ನಿನಲ್ಲಿ, ಪೆನ್ಸಿಲ್ವೇನಿಯದಲ್ಲಿ, ಒಹಾಯೊದಲ್ಲಿ ವರ್ಷಗಳಿಂದ ನೆಲಸಿ ಅಲ್ಲಿಯ ಪ್ರಜೆಗಳಾಗಿ ಮತ ಹಾಕುವ, ತಮ್ಮ ಮಕ್ಕಳ ಶಾಲಾ ಮಂಡಳಿಯ ಜಗಳಗಳನ್ನು ಹತ್ತಿರದಿಂದ ಬಲ್ಲ, ಕನ್ನಡವನ್ನು ಚೆನ್ನಾಗಿ ಬರೆಯುವ ಜನ ಬೇಕಾದಷ್ಟಿದ್ದಾರೆ. ಅವರಲ್ಲಿ ಇಬ್ಬರು ಮೂವರನ್ನು ಹಿಡಿದು, ಯಾರು ಗೆಲ್ಲಬೇಕೆಂದು ಬರೆಯಬೇಡಿ, ನಿಮ್ಮ ಬೀದಿಯ ಎದುರುಮನೆಯವರು ಯಾರಿಗೆ ಏಕೆ ಮತ ಹಾಕುವರೆಂದು ಬರೆಯಿರಿ, ನಿಮ್ಮ ಮತಪತ್ರದ ಕೆಳಗಿನ ಸಾಲುಗಳಲ್ಲಿ ಏನಿದೆಯೆಂದು ಬರೆಯಿರಿ ಎಂದು ಕೇಳಿಕೊಳ್ಳಿ. ಜಾಫ್ನಾಕ್ಕೋ ಹಂಬನ್‌ತೋಟಕ್ಕೋ ಒಬ್ಬ ತರುಣ ವರದಿಗಾರನನ್ನು ಕಳುಹಿಸುವ ಖರ್ಚು, ಒಂದು ಹಬ್ಬದ ಪುರವಣಿಯ ಖರ್ಚಿಗಿಂತ ಹೆಚ್ಚಾಗಲಾರದು. ಫ್ರಾನ್ಸಿನಲ್ಲಿ 2027ರ ವಸಂತಕ್ಕೆ ಹೊಸ ಅಧ್ಯಕ್ಷರ ಆಯ್ಕೆಯಾಗಬೇಕಾಗಿದೆ. ಅಮೆರಿಕದಲ್ಲಿ ಅಧ್ಯಕ್ಷ ಪದವಿಗೆ ಮುಂದಿನ ಮತದಾನ 2028ರ ನವೆಂಬರ್ 7, ಮಂಗಳವಾರ. ಸಿದ್ಧತೆಗೆ ಕಾಲಾವಕಾಶವಿದೆ.